ಏರ್ ಡೆಕ್ಕನ್ ಮತ್ತು ಆ ಹಳ್ಳಿ ಅಜ್ಜನ ಜಾಹೀರಾತು: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಬಳ್ಳಾಪುರದ ಕಡೆ ವಿಮಾನದ ಮಾತು ಬಂದರೆ ಸಾಕು, ಯಾರಾದರೂ ಒಬ್ಬರು ಏರ್ ಡೆಕ್ಕನ್ ಅನ್ನುವ ಹಳೇ ಅಗ್ಗದ ವಿಮಾನ ಕಂಪನಿಯ ನೆನಪು ತೆಗೆಯುತ್ತಾರೆ. ನಾನು ಹಳೇ ಟಿಕೆಟ್, ಟೈಮ್ ಟೇಬಲ್, ಜಾಹೀರಾತು ಅಂತ ಕೂಡಿಟ್ಟುಕೊಳ್ಳುವ ಪೈಕಿ. ಅದು ಗೊತ್ತಿದ್ದವರು ಬಸ್ ಸ್ಟ್ಯಾಂಡಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ಕಾಗದದಲ್ಲಿ, ಫೋನಿನಲ್ಲಿ ಕೇಳಿದ್ದನ್ನೇ ಕೇಳುತ್ತಾರೆ. ಅದಕ್ಕೇ ಎಲ್ಲಾ ಒಂದು ಕಡೆ ಬರೆದಿಟ್ಟಿದ್ದೇನೆ. ಪ್ರಶ್ನೆಗಳು ಅವರ ಬಾಯಲ್ಲಿ ಬಂದ ಹಾಗೇ ಇವೆ. ಕಥೆ ಗೊತ್ತಿದ್ದವರು ಮೊದಲ ಭಾಗ ಬಿಟ್ಟು ಮುಂದಕ್ಕೆ ಹೋಗಬಹುದು.

## ಮೊದಲಿನಿಂದ

ಅಣ್ಣ, ಒಬ್ಬ ಹಳ್ಳಿ ಅಜ್ಜ ಮೊದಲನೇ ಸಲ ವಿಮಾನ ಹತ್ತೋ ಜಾಹೀರಾತು ಬರ್ತಿತ್ತಲ್ಲ, ಅದು ಯಾವ ಕಂಪನಿದು?

ಏರ್ ಡೆಕ್ಕನ್. ಕಿಂಗ್‌ಫಿಷರ್ ಅಲ್ಲ, ಇಂಡಿಯನ್ ಏರ್‌ಲೈನ್ಸೂ ಅಲ್ಲ. 2000ರ ದಶಕದ ನಡುವೆ ಬರುತ್ತಿತ್ತು. ಹಳ್ಳಿಯಲ್ಲಿರುವ ಅಪ್ಪನಿಗೆ ದೂರದ ಊರಿನ ಮಗ ವಿಮಾನದ ಟಿಕೆಟ್ ಕಳಿಸುತ್ತಾನೆ. ಆ ಮಗ ಚಿಕ್ಕವನಿದ್ದಾಗ ಇದೇ ಅಪ್ಪ ಮರದಲ್ಲಿ ಒಂದು ಆಟದ ವಿಮಾನ ಮಾಡಿಕೊಟ್ಟಿರುತ್ತಾನೆ. ಅಷ್ಟೇ ಕಥೆ. ಆರ್ಚರ್ಡ್ ಅನ್ನುವ ಜಾಹೀರಾತು ಸಂಸ್ಥೆ ಮಾಡಿದ್ದು.

ಏರ್ ಡೆಕ್ಕನ್ ಯಾರದು? ನಮ್ಮ ಕಡೆಯವರದ್ದೇ ಅಂತಾರಲ್ಲ?

ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಅವರದು. ಹುಟ್ಟಿದ್ದು ಮೇಲುಕೋಟೆ, ಬೆಳೆದದ್ದು ಹಾಸನ ಜಿಲ್ಲೆಯ ಗೊರೂರು. ಹೆಸರಿನ ಮುಂದಿನ ಕ್ಯಾಪ್ಟನ್ ನೋಡಿ ಪೈಲಟ್ ಅಂದುಕೊಳ್ಳುವವರು ಜಾಸ್ತಿ. ಅದು ಸೇನೆಯ ಕ್ಯಾಪ್ಟನ್. 1971ರ ಯುದ್ಧದಲ್ಲಿದ್ದರು, ಆಮೇಲೆ ಸೇನೆ ಬಿಟ್ಟು ಊರಿಗೆ ಬಂದು ಬೇಸಾಯಕ್ಕೆ ಇಳಿದರು.

ನಮ್ಮ ಶಿಡ್ಲಘಟ್ಟ, ಚಿಂತಾಮಣಿ ಕಡೆಯವರಿಗೆ ಇಷ್ಟವಾಗುವ ಸಂಗತಿ ಬೇರೆ ಇದೆ. ಅವರು ರೇಷ್ಮೆ ಬೆಳೆದವರು. ಪರಿಸರಕ್ಕೆ ಹೊಂದುವ ರೇಷ್ಮೆ ಕೃಷಿಗೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿಯೂ ಬಂತು. ಹಿಪ್ಪುನೇರಳೆ ಸೊಪ್ಪು, ಹುಳು ಗೂಡು ಕಟ್ಟುವ ಚಂದ್ರಿಕೆ, ರೇಷ್ಮೆ ಗೂಡಿನ ರೇಟು ಗೊತ್ತಿದ್ದ ಮನುಷ್ಯ ಏರ್‌ಲೈನ್ಸ್ ಮಾಡಿದ ಅಂದರೆ ಗೂಡಿನ ಮಾರ್ಕೆಟ್ಟಿನಲ್ಲಿ ಇವತ್ತಿಗೂ ಯಾರೂ ತಟ್ಟನೆ ನಂಬುವುದಿಲ್ಲ.

1997ರಲ್ಲಿ ಹೆಲಿಕಾಪ್ಟರ್ ಬಾಡಿಗೆಗೆ ಕೊಡುವ ಡೆಕ್ಕನ್ ಏವಿಯೇಷನ್ ಕೆಲಸ ಶುರು ಮಾಡಿತು. ಆಮೇಲೆ ಅದರಿಂದಲೇ ಹುಟ್ಟಿದ್ದು ಏರ್ ಡೆಕ್ಕನ್. 2003ರ ಆಗಸ್ಟ್ 23ಕ್ಕೆ ಬೆಂಗಳೂರಿಂದ ಹುಬ್ಬಳ್ಳಿಗೆ ಮೊದಲ ವಿಮಾನ ಹಾರಿತು. ದೇಶದ ಮೊದಲ ಅಗ್ಗದ ದರದ ವಿಮಾನ ಕಂಪನಿ ಇದೇ.

ಅದೂ ಕಿಂಗ್‌ಫಿಷರೂ ಒಂದೇ ಅಲ್ವಾ?

ಶುರುವಿನಲ್ಲಿ ಅಲ್ಲ, ಕೊನೆಗೆ ಹೌದು. ಕಿಂಗ್‌ಫಿಷರ್ ಏರ್‌ಲೈನ್ಸ್ ವಿಜಯ್ ಮಲ್ಯ ಅವರದು, ಮೊದಲು ಹಾರಿದ್ದು 2005ರ ಮೇನಲ್ಲಿ. ಎರಡೂ ಬೆಂಗಳೂರಿನವೇ, ಆದರೆ ಸ್ವಭಾವ ಪೂರ್ತಿ ಬೇರೆ. ಕಿಂಗ್‌ಫಿಷರಿನಲ್ಲಿ ಪ್ರತಿ ಸೀಟಿಗೂ ಟೀವಿ, ಬಿಸಿ ಊಟ, ಪ್ರಯಾಣಿಕರಿಗೆ ಅತಿಥಿ ಅಂತ ಮರ್ಯಾದೆ. ಡೆಕ್ಕನ್ನಿನಲ್ಲಿ ನೀರಿಗೂ ದುಡ್ಡು. ಆಮೇಲೆ ದೊಡ್ಡದು ಚಿಕ್ಕದನ್ನು ಕೊಂಡಿತು. ಅಲ್ಲ, ಆಗ ಊರುಗಳ ಲೆಕ್ಕ ಹಿಡಿದರೆ ಡೆಕ್ಕನ್ನೇ ದೊಡ್ಡದು, 60ಕ್ಕೂ ಜಾಸ್ತಿ ಊರುಗಳಿಗೆ ಹಾರುತ್ತಿತ್ತು. ದುಡ್ಡಿದ್ದದ್ದು ಕೊಂಡಿತು ಅಂದರೆ ಸರಿಹೋಗುತ್ತದೆ. ಆ ಕಥೆ ಕೆಳಗೆ ಇದೆ.

ನಮ್ಮಪ್ಪ ವಾಯುದೂತ್ ಅಂತ ಹೇಳ್ತಿದ್ರು, ಅದು ಇದಕ್ಕಿಂತ ಮುಂಚಿನದಾ?

ಹೌದು, ತುಂಬಾ ಮುಂಚಿನದು. 1981ರಲ್ಲಿ ಸರ್ಕಾರವೇ ಶುರು ಮಾಡಿದ್ದು, ಚಿಕ್ಕ ಊರುಗಳಿಗೆ ಚಿಕ್ಕ ವಿಮಾನ. ನಷ್ಟದಲ್ಲೇ ನಡೆದು 90ರ ದಶಕದಲ್ಲಿ ಇಂಡಿಯನ್ ಏರ್‌ಲೈನ್ಸ್ ಜೊತೆ ಸೇರಿಹೋಯಿತು.

## ಜಾಹೀರಾತಿನ ವಿಷಯ

ಆ ಜಾಹೀರಾತಲ್ಲಿ ಅಂಥದ್ದೇನಿದೆ? ಈಗ ನೋಡಿದ್ರೂ ನಮ್ಮ ಮನೆಯವರು ಕಣ್ಣೊರೆಸಿಕೊಳ್ತಾರೆ

ಈ ಪ್ರಶ್ನೆ ಕೇಳಿದವರು ಗೌರಿಬಿದನೂರಿನ ಒಬ್ಬ ಮೇಡಂ. ಅವರ ಮನೆಯವರೊಬ್ಬರೇ ಅಲ್ಲ, ಬಹಳ ಜನ ಹಾಗೇ.

ನನಗೆ ಅನ್ನಿಸುವುದು ಇಷ್ಟು. ಅಲ್ಲಿಯವರೆಗೆ ವಿಮಾನದ ಜಾಹೀರಾತು ಅಂದರೆ ಟೈ ಕಟ್ಟಿದವನು, ಲ್ಯಾಪ್‌ಟಾಪು, ಒರಗುವ ಸೀಟು, ಟ್ರೇ ಹಿಡಿದು ನಗುವ ಹುಡುಗಿ. ನೋಡುವವನಿಗೆ ಇದು ಬೇರೆಯವರ ವಿಷಯ ಅಂತ ಮೊದಲ ಸೆಕೆಂಡಿನಲ್ಲೇ ಗೊತ್ತಾಗುತ್ತಿತ್ತು. ಚಾನೆಲ್ ಬದಲಾಯಿಸುತ್ತಿದ್ದ ಅಥವಾ ನೀರು ಕುಡಿಯೋಕೆ ಎದ್ದುಹೋಗುತ್ತಿದ್ದ. ಈ ಜಾಹೀರಾತಿನಲ್ಲಿ ಮೊದಲು ವಿಮಾನವೇ ಕಾಣುವುದಿಲ್ಲ. ಊರು ಕಾಣುತ್ತದೆ, ಮುದುಕ ಕಾಣುತ್ತಾನೆ, ಟಿಕೆಟ್ ಬಂತು ಅಂತ ಬೆರಗಾಗುವ ಜನ ಕಾಣುತ್ತಾರೆ. ಟಿಕೆಟ್ ರೇಟು ಎಷ್ಟು, ಸೀಟು ಹೇಗಿದೆ, ಯಾವ ಊರಿಗೆ ಹೋಗುತ್ತದೆ, ಒಂದನ್ನೂ ಕೂಗಿ ಹೇಳುವುದಿಲ್ಲ.

ಇನ್ನೊಂದು, ಅಪ್ಪ ಮಗನ ಲೆಕ್ಕ. ಮಗ ಓದಿ ಊರು ಬಿಟ್ಟ ಮನೆ ನಮ್ಮ ಜಿಲ್ಲೆಯಲ್ಲಿ ಬೀದಿಗೆ ನಾಲ್ಕಿವೆ. ಬೆಂಗಳೂರಿಗೆ ಹೋದವನು ಅಲ್ಲಿಂದ ಪುಣೆ, ಹೈದರಾಬಾದು, ದೆಹಲಿ. ಅಪ್ಪ ಅವನ ಮನೆ ನೋಡಬೇಕು ಅಂದರೆ ರೈಲಿನಲ್ಲಿ ಒಂದೆರಡು ದಿನ, ರಿಸರ್ವೇಷನ್ ಸಿಗಲ್ಲ, ಮಂಡಿ ನೋವು ಬೇರೆ. ಅಂಥ ಅಪ್ಪಂದಿರಿಗೆ ಆ ಜಾಹೀರಾತು ಕನಸೇನೂ ತೋರಿಸಲಿಲ್ಲ. ಆಗಬಹುದಾದ ಕೆಲಸವನ್ನೇ ತೋರಿಸಿತು. ಯಾಕಂದರೆ ಆ ಟಿಕೆಟ್ಟಿನ ರೇಟು ಆಗ ನಿಜಕ್ಕೂ ಮಗನ ಸಂಬಳದಲ್ಲಿ ಎಟುಕುತ್ತಿತ್ತು. ಎಷ್ಟೋ ಹುಡುಗರು ಹಾಗೇ ಟಿಕೆಟ್ ಕಳಿಸಿದರು ಕೂಡ. ಜಾಹೀರಾತು ಹೇಳಿದ್ದು ಮನೆಯಲ್ಲಿ ನಡೆದುಬಿಟ್ಟರೆ ಅದು ಮರೆಯುವುದು ಹೇಗೆ?

ಸಾಮಾನು ಮಾರುವುದಕ್ಕೆ ಅಳಿಸುವ ಜಾಹೀರಾತು ನನಗೆ ಅಷ್ಟಕ್ಕಷ್ಟೇ. ಈಗ ಪ್ರೆಷರ್ ಕುಕ್ಕರ್, ಇನ್ಶೂರೆನ್ಸ್, ಪೇಂಟು ಎಲ್ಲದಕ್ಕೂ ಅಜ್ಜ ಅಜ್ಜಿ ಬಂದು ಕಣ್ಣೀರು ಹಾಕುತ್ತಾರೆ. ಇದೊಂದನ್ನು ಮಾತ್ರ ಬಿಟ್ಟುಕೊಡಲಾರೆ.

ಪೇಪರಲ್ಲಿ ಬರ್ತಿದ್ದ ಚೌಕಳಿ ಕೋಟಿನ ಆ ಯಜಮಾನ್ರು ಇವರ ಜಾಹೀರಾತಲ್ಲಿ ಹೇಗೆ ಬಂದ್ರು?

ಆರ್. ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯ. ಲಕ್ಷ್ಮಣ್ ಮೈಸೂರಿನವರು. ಪಂಚೆ, ಚೌಕಳಿ ಕೋಟು, ದುಂಡು ಕನ್ನಡಕದ ಆ ಮನುಷ್ಯನನ್ನು ಅವರು 1951ರಿಂದ ಬರೆಯುತ್ತಿದ್ದರು. ಅವನು ಬಾಯಿ ಬಿಡುವುದಿಲ್ಲ, ಸುಮ್ನೆ ನಿಂತು ನೋಡುತ್ತಾನೆ. ಏರ್ ಡೆಕ್ಕನ್ ಅವನನ್ನೇ ತನ್ನ ಗುರುತು ಮಾಡಿಕೊಂಡಿತು. ಸಿನಿಮಾ ತಾರೆಯರನ್ನು ಹಾಕಿಕೊಳ್ಳುವ ಕಾಲದಲ್ಲಿ ಮಾತೇ ಆಡದ ಮುದುಕನನ್ನು ಹಾಕಿಕೊಂಡದ್ದು ಜಾಣತನ. ಐವತ್ತು ವರ್ಷ ಪೇಪರಿನ ಮೂಲೆಯಲ್ಲಿ ನಿಂತು ದೊಡ್ಡವರ ಆಟ ನೋಡುತ್ತಿದ್ದವನನ್ನು ಕರೆದು ಟಿಕೆಟ್ ಕೊಟ್ಟ ಹಾಗಾಯಿತು ಅಲ್ವಾ?

ಲಾ ಲಾ ಅಂತ ಒಂದು ಟ್ಯೂನ್ ಬರ್ತಿತ್ತಲ್ಲ, ಅದೂ ಇದರದ್ದೇನಾ?

ಅಲ್ಲ. ಅದು ಕಿಂಗ್‌ಫಿಷರ್ ಬ್ರ್ಯಾಂಡಿನದು. ಏರ್‌ಲೈನ್ಸ್ ಹುಟ್ಟುವುದಕ್ಕೆ ಮುಂಚೆ, 90ರ ದಶಕದಲ್ಲೇ ಇತ್ತು. ಟೀವಿಯಲ್ಲಿ ಮದ್ಯದ ಜಾಹೀರಾತಿಗೆ ಅವಕಾಶವಿಲ್ಲ. ಹಾಗಾಗಿ ಬಿಯರ್ ಹೆಸರನ್ನೇ ನೀರಿನ ಬಾಟಲಿ, ಕ್ಯಾಲೆಂಡರ್ ಅಂತ ಬೇರೆ ಬೇರೆ ವೇಷದಲ್ಲಿ ತೋರಿಸುತ್ತಿದ್ದರು. ವಿಮಾನದ ಮೈಮೇಲೂ ಅದೇ ಹೆಸರು, ಅದೇ ಹಕ್ಕಿ. ಹೆಸರು ಉಚಿತವಾಗಿ ಊರೂರು ಸುತ್ತುತ್ತಿತ್ತು.

ಮತ್ತೆ ಜಾಹೀರಾತಲ್ಲಿ ಬರೋ ಆ ಮಹಾರಾಜನ ಬೊಂಬೆ?

ಏರ್ ಇಂಡಿಯಾದ್ದು. 1946ರಿಂದ ಇದ್ದಾನೆ. ಆ ಕಂಪನಿ ಮುಚ್ಚಿಲ್ಲ, ನಾನಿಲ್ಲಿ ಹೇಳುತ್ತಿರುವುದು ಮುಚ್ಚಿಹೋದವುಗಳ ಕಥೆ.

## ಟಿಕೆಟ್, ಸೀಟು, ದಾರಿ

ಒಂದು ರೂಪಾಯಿಗೆ ಟಿಕೆಟ್ ಕೊಡ್ತಿದ್ರು ಅಂತಾರೆ. ನಿಜವಾ, ಇಲ್ಲ ಬುರುಡೆನಾ?

ನಿಜ. ಆದರೆ ಎಲ್ಲಾ ಸೀಟಿಗೂ ಅಲ್ಲ. ಆ ಒಂದು ರೂಪಾಯಿ ಮೂಲ ದರ ಮಾತ್ರ, ತೆರಿಗೆ ಮತ್ತು ಏರ್‌ಪೋರ್ಟಿನ ಶುಲ್ಕ ಬೇರೆ ಕಟ್ಟಬೇಕಿತ್ತು. ಎಲ್ಲಾ ಸೇರಿಸಿದರೂ ಆಗಿನ ಮಾಮೂಲಿ ವಿಮಾನದ ದರದ ಮುಂದೆ ಅದು ಏನೂ ಅಲ್ಲ.

ಅದು ನಡೆಯುತ್ತಿದ್ದದ್ದು ಹೀಗೆ. ಒಂದು ವಿಮಾನದ ಸೀಟುಗಳನ್ನು ಗುಂಪು ಮಾಡುತ್ತಾರೆ. ಮೊದಲ ಕೆಲವು ಸೀಟು ಪುಕ್ಕಟೆ ಅನ್ನುವಷ್ಟು ಅಗ್ಗ. ಅವು ಹೋದ ಮೇಲೆ ಸ್ವಲ್ಪ ಜಾಸ್ತಿ, ಅದಾದ ಮೇಲೆ ಇನ್ನೂ ಜಾಸ್ತಿ. ನಾಳೆ ಬೆಳಿಗ್ಗೆ ಹೋಗಬೇಕು ಅಂತ ಇವತ್ತು ರಾತ್ರಿ ಬಂದವನಿಗೆ ಎಲ್ಲಕ್ಕಿಂತ ದುಬಾರಿ. ಈಗ ಎಲ್ಲಾ ಕಂಪನಿಗಳೂ ಇದನ್ನೇ ಮಾಡುತ್ತವೆ, ನಮಗೆ ಅಭ್ಯಾಸವಾಗಿದೆ. ಆಗ ಅಕ್ಕಪಕ್ಕ ಕೂತ ಇಬ್ಬರ ಟಿಕೆಟ್ ರೇಟು ಬೇರೆ ಬೇರೆ ಅಂದರೆ ಜಗಳಕ್ಕೇ ಬರುತ್ತಿದ್ದರು.

ಆಗ ಯಾರ ಹತ್ರ ಕ್ರೆಡಿಟ್ ಕಾರ್ಡ್ ಇತ್ತು? ಬುಕ್ ಹೇಗೆ ಮಾಡ್ತಿದ್ರು?

ಇದ್ದವರು ಸೈಬರ್ ಕೆಫೆಗೆ ಹೋಗಿ ಮಾಡುತ್ತಿದ್ದರು, ಇಲ್ಲದವರು ಬೆಂಗಳೂರಿನಲ್ಲಿರುವ ಸಾಫ್ಟ್‌ವೇರ್ ನೆಂಟನನ್ನು ಹಿಡಿಯುತ್ತಿದ್ದರು. ಕಾಲ್ ಸೆಂಟರ್ ಇತ್ತು, ಏಜೆಂಟರೂ ಇದ್ದರು. ಎಚ್‌ಪಿ ಪೆಟ್ರೋಲ್ ಬಂಕ್‌ಗಳಲ್ಲಿ ಟಿಕೆಟ್ ಮಾರುವ ಏರ್ಪಾಡನ್ನೂ ಮಾಡಿದ್ದರು. ಸ್ಕೂಟರ್‌ಗೆ ಪೆಟ್ರೋಲ್ ಹಾಕಿಸುವ ಜಾಗದಲ್ಲಿ ವಿಮಾನದ ಟಿಕೆಟ್!

ಟಿಕೆಟ್ ಅಂದರೂ ಅದೊಂದು ಮಾಮೂಲಿ ಎ4 ಹಾಳೆ. ಅದಕ್ಕೆ ಮುಂಚೆ ವಿಮಾನದ ಟಿಕೆಟ್ ಚೆಕ್ ಬುಕ್ಕಿನ ಥರ ಇರುತ್ತಿತ್ತು, ಒಳಗೆ ಕಾರ್ಬನ್ ಹಾಳೆ. ಈ ಬಿಳಿ ಹಾಳೆ ಹಿಡಿದು ಹೋದರೆ ಒಳಗೆ ಬಿಡುತ್ತಾರಾ ಅಂತ ಮನೆಯ ಹಿರಿಯರಿಗೆ ಕೊನೆಯವರೆಗೂ ಅನುಮಾನ.

ಸೀಟ್ ನಂಬರೇ ಇರ್ಲಿಲ್ವಂತೆ, ಹೌದಾ?

ಹೌದು. ಬೋರ್ಡಿಂಗ್ ಪಾಸ್ ಇರುತ್ತಿತ್ತು, ಸೀಟ್ ನಂಬರ್ ಇರುತ್ತಿರಲಿಲ್ಲ. ಮೊದಲು ಹೋದವನಿಗೆ ಕಿಟಕಿ. ಬಾಗೇಪಲ್ಲಿ ಬಸ್ಸಿಗೆ ಕಿಟಕಿಯಿಂದಲೇ ಟವೆಲ್ ಹಾಕಿ ಸೀಟು ಹಿಡಿಯುವ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಷ್ಟವಾದದ್ದು ಸೂಟು ಬೂಟಿನವರಿಗೆ. ಏರ್‌ಪೋರ್ಟಿನ ಬಸ್ಸು ವಿಮಾನದ ಹತ್ತಿರ ನಿಲ್ಲುವವರೆಗೂ ಗಂಭೀರವಾಗಿ ನಿಂತಿರುತ್ತಿದ್ದರು, ಬಾಗಿಲು ತೆಗೆದ ತಕ್ಷಣ ಬ್ರೀಫ್‌ಕೇಸ್ ಹಿಡಿದು ಓಟ.

ಅದರಲ್ಲೂ ಒಂದು ಗುಟ್ಟಿತ್ತು. ಚಿಕ್ಕ ಊರುಗಳಿಗೆ ಹೋಗುತ್ತಿದ್ದದ್ದು ಎಟಿಆರ್, ಎರಡು ಫ್ಯಾನಿನ ವಿಮಾನ. ಅದರಲ್ಲಿ ಜನ ಹತ್ತುವ ಬಾಗಿಲು ಹಿಂದುಗಡೆ, ಲಗೇಜು ಹಾಕುವುದು ಮುಂದುಗಡೆ. ಗೊತ್ತಿಲ್ಲದವರು ಮುಂದಕ್ಕೆ ಓಡಿ ವಾಪಸ್ ಬರುವಷ್ಟರಲ್ಲಿ ಗೊತ್ತಿದ್ದವರು ಕೂತಾಗಿರುತ್ತಿತ್ತು. ರೆಕ್ಕೆ ಮೇಲುಗಡೆ ಇರುವುದರಿಂದ ಕೆಳಗಿನ ಹೊಲ, ಕೆರೆ ಎಲ್ಲಾ ಚೆನ್ನಾಗಿ ಕಾಣುತ್ತದೆ. ಆದರೆ ಫ್ಯಾನಿನ ಪಕ್ಕದ ಸಾಲು ಸಿಕ್ಕರೆ ಇಳಿದ ಮೇಲೂ ಕಿವಿಯಲ್ಲಿ ಗುಂಯ್ ಅನ್ನುತ್ತಿರುತ್ತದೆ.

ಊಟ ತಿಂಡಿ?

ದುಡ್ಡು ಕೊಟ್ಟರೆ ಸ್ಯಾಂಡ್‌ವಿಚ್, ನೀರು. ನಮ್ಮವರು ಚಪಾತಿ, ಚಿತ್ರಾನ್ನ ಕಟ್ಟಿಕೊಂಡೇ ಹೋಗುತ್ತಿದ್ದರು.

ಚಿಕ್ಕಬಳ್ಳಾಪುರದಿಂದ ಆಗ ಏರ್‌ಪೋರ್ಟಿಗೆ ಹೋಗೋದೇ ಒಂದು ಪ್ರಯಾಣ ಆಗಿತ್ತಲ್ವಾ?

ಆಗಿತ್ತು. ಈಗಿನ ಹುಡುಗರಿಗೆ ಇದು ಗೊತ್ತೇ ಇಲ್ಲ. 2008ರವರೆಗೆ ಬೆಂಗಳೂರಿನ ಏರ್‌ಪೋರ್ಟ್ ಅಂದರೆ ಎಚ್‌ಎಎಲ್, ಊರಿನ ಪೂರ್ವಕ್ಕೆ. ನಾವು ದೇವನಹಳ್ಳಿ, ಯಲಹಂಕ, ಹೆಬ್ಬಾಳ ದಾಟಿ ಮೆಜೆಸ್ಟಿಕ್‌ಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸೋ ಆಟೋನೋ ಹಿಡಿಯಬೇಕಿತ್ತು. ಹುಬ್ಬಳ್ಳಿಗೆ ಹಾರುವುದಕ್ಕಿಂತ ಎಚ್‌ಎಎಲ್ ಮುಟ್ಟುವುದಕ್ಕೇ ಜಾಸ್ತಿ ಹೊತ್ತು.

ಹೊಸ ಏರ್‌ಪೋರ್ಟ್ ದೇವನಹಳ್ಳಿಯಲ್ಲಿ ಶುರುವಾದದ್ದು 2008ರ ಮೇ 24ಕ್ಕೆ. ನಮಗೆ ಹತ್ತಿರ, ಅದೂ ನಾವು ಬೆಂಗಳೂರಿಗೆ ಹೋಗುವ ದಾರಿಯಲ್ಲೇ. ಅದೇ ವರ್ಷ ಆಗಸ್ಟ್ 29ಕ್ಕೆ ಡೆಕ್ಕನ್ ಹೆಸರು ಹೋಗಿ ಕಿಂಗ್‌ಫಿಷರ್ ರೆಡ್ ಆಯಿತು. ನಡುವೆ ಮೂರೇ ತಿಂಗಳು. ನೀವೂ ಹತ್ತಬಹುದು ಅಂತ ನಮ್ಮಂಥವರಿಗೆ ಹೇಳಿದ ಕಂಪನಿ, ಏರ್‌ಪೋರ್ಟ್ ನಮ್ಮ ಬಾಗಿಲಿಗೆ ಬರುವ ಹೊತ್ತಿಗೆ ಬಾಗಿಲು ಹಾಕಿತು. ನಮ್ಮ ಜಿಲ್ಲೆಯ ಜನಕ್ಕೆ ಏರ್ ಡೆಕ್ಕನ್ ಮೇಲೆ ಇಷ್ಟು ಪ್ರೀತಿ ಇರುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ಲೆಕ್ಕ. ಕೈಗೆ ಸಿಕ್ಕು ತಪ್ಪಿಹೋದದ್ದು ಜಾಸ್ತಿ ಕಾಡುತ್ತದೆ. ಈಗ ಚಿಕ್ಕಬಳ್ಳಾಪುರದ ರೈಲು ಮಾರ್ಗದಲ್ಲೇ ಏರ್‌ಪೋರ್ಟಿಗೆ ಒಂದು ಹಾಲ್ಟ್ ಸ್ಟೇಷನ್ ಇದೆ, 2021ರಿಂದ. ನಂದಿ ಬೆಟ್ಟದ ಮೇಲಿಂದ ಇಳಿಯುವ ವಿಮಾನ ಕಾಣುತ್ತದೆ. ಅನುಕೂಲ ಎಲ್ಲಾ ಬಂತು, ಆ ರೇಟು ಮಾತ್ರ ಬರಲಿಲ್ಲ.

## ಸ್ವಲ್ಪ ಆಳದ ಪ್ರಶ್ನೆಗಳು

ಅಷ್ಟು ಜನ ಹತ್ತಿದ ಮೇಲೂ ನಷ್ಟ ಯಾಕಾಯ್ತು?

ಜನ ಹತ್ತಿದರು, ಆದರೆ ಕೊಟ್ಟ ದುಡ್ಡು ಸಾಲಲಿಲ್ಲ. ಮಾಮೂಲಿ ಉತ್ತರ ಇದು, ಇದರ ಹಿಂದೆ ಇನ್ನೂ ಸ್ವಲ್ಪ ಇದೆ.

ಅಗ್ಗದ ಕಂಪನಿ ಉಳಿಯಬೇಕಾದರೆ ವಿಮಾನ ನೆಲದ ಮೇಲೆ ನಿಲ್ಲಬಾರದು. ಬಂದು ಇಳಿದು ಅರ್ಧ ಗಂಟೆಯೊಳಗೆ ಮತ್ತೆ ಏರಬೇಕು. ಏರ್ ಡೆಕ್ಕನ್ ಬೇಗ ಬೇಗ ಊರು ಸೇರಿಸಿಕೊಂಡಿತು, ವಿಮಾನ ತಂದಿತು. ಬೆಳಿಗ್ಗೆ ಒಂದು ವಿಮಾನ ತಡವಾದರೆ ಸಂಜೆವರೆಗೂ ಅದರ ಹಿಂದಿನದೆಲ್ಲಾ ತಡ. ತಡ ಅನ್ನುವ ಹೆಸರು ಅದಕ್ಕೆ ಅಂಟಿಕೊಂಡಿತು. ಅಷ್ಟರಲ್ಲಿ ಪೈಪೋಟಿ ಬಂತು. 2005ರಲ್ಲಿ ಸ್ಪೈಸ್‌ಜೆಟ್, ಗೋ ಏರ್, 2006ರಲ್ಲಿ ಇಂಡಿಗೋ. ಎಲ್ಲರೂ ದರ ಇಳಿಸಿದರು. ಪೆಟ್ರೋಲಿಯಂ ಬೆಲೆ ಮಾತ್ರ ಏರುತ್ತಾ ಹೋಗಿ 2008ರ ಜುಲೈನಲ್ಲಿ ಕಚ್ಚಾ ತೈಲ ಬ್ಯಾರಲ್‌ಗೆ 147 ಡಾಲರ್ ಮುಟ್ಟಿತು. ಡೆಕ್ಕನ್ ಕೈ ಬದಲಾದದ್ದು ಅದಕ್ಕೂ ಒಂದು ವರ್ಷ ಮುಂಚೆ ಅನ್ನುವುದು ನೆನಪಿರಲಿ.

ಮತ್ತೆ ಎಟಿಆರ್ ಯಾಕೆ ಇಟ್ಕೊಂಡಿದ್ರು? ದೊಡ್ಡ ವಿಮಾನದಲ್ಲಿ ಜಾಸ್ತಿ ಜನ ಹಿಡೀತಾರಲ್ಲ?

ಇದನ್ನು ಕೇಳಿದ್ದು ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿ, ಒಳ್ಳೆ ಪ್ರಶ್ನೆ. ದೊಡ್ಡ ಊರುಗಳ ನಡುವೆ 2004ರಿಂದ ಏರ್‌ಬಸ್ ಎ320 ಓಡಿಸುತ್ತಿದ್ದರು. ಆಗಿನ ಹುಬ್ಬಳ್ಳಿಯಂಥ ಕಡೆ ಅಷ್ಟು ಜನ ಸಿಗುವುದಿಲ್ಲ, ರನ್‌ವೇಯೂ ಚಿಕ್ಕದು. ಎಟಿಆರ್‌ಗೆ ಚಿಕ್ಕ ರನ್‌ವೇ ಸಾಕು, ಹತ್ತಿರದ ಊರಿಗೆ ಇಂಧನವೂ ಕಡಿಮೆ. ಜೊತೆಗೆ 80ಕ್ಕಿಂತ ಕಡಿಮೆ ಸೀಟಿನ ವಿಮಾನಕ್ಕೆ ಲ್ಯಾಂಡಿಂಗ್ ಶುಲ್ಕದಲ್ಲಿ ವಿನಾಯಿತಿ ಇತ್ತು, ಚಿಕ್ಕ ವಿಮಾನಕ್ಕೆ ಹಾಕುವ ಇಂಧನದ ಮೇಲಿನ ತೆರಿಗೆಯೂ ಕಡಿಮೆ. ಆ ರಿಯಾಯಿತಿ ಇಲ್ಲದಿದ್ದರೆ ಚಿಕ್ಕ ಊರಿನ ಹಾರಾಟ ಯಾವತ್ತೋ ನಿಲ್ಲುತ್ತಿತ್ತು.

ಮಲ್ಯ ನಷ್ಟದ ಕಂಪನಿನ ಯಾಕೆ ಕೊಂಡ್ರು? ದುಡ್ಡು ಜಾಸ್ತಿ ಆಗಿತ್ತಾ?

2007ರ ಮೇ ಕೊನೆಗೆ ಮಲ್ಯ ಅವರ ಯುಬಿ ಗುಂಪು ಸುಮಾರು 550 ಕೋಟಿ ರೂಪಾಯಿಗೆ 26% ಪಾಲು ತಗೊಂಡಿತು. ವಿಮಾನ, ಪೈಲಟ್, ಊರುಗಳು ಒಟ್ಟಿಗೆ ಸಿಕ್ಕವು, ಅದು ಒಂದು. ಇನ್ನೊಂದು ಕಾರಣ ವಿದೇಶದ ಹಾರಾಟ.

ಆಗ ಒಂದು ನಿಯಮವಿತ್ತು. ದೇಶದೊಳಗೆ ಐದು ವರ್ಷ ಹಾರಿರಬೇಕು, 20 ವಿಮಾನ ಇರಬೇಕು, ಆಮೇಲೆಯೇ ವಿದೇಶಕ್ಕೆ. ಕಿಂಗ್‌ಫಿಷರ್‌ಗೆ ಐದು ವರ್ಷ ತುಂಬಬೇಕಾದರೆ 2010ರ ಮೇವರೆಗೆ ಕಾಯಬೇಕಿತ್ತು. ಡೆಕ್ಕನ್‌ಗೆ 2008ರ ಆಗಸ್ಟ್‌ನಲ್ಲೇ ತುಂಬಿತು. ಈಗ ದಿನಾಂಕ ನೋಡಿ: ಆಗಸ್ಟ್ 23ಕ್ಕೆ ಐದು ವರ್ಷ, ಸೆಪ್ಟೆಂಬರ್ 3ಕ್ಕೆ ಕಿಂಗ್‌ಫಿಷರ್ ಬೆಂಗಳೂರಿಂದ ಲಂಡನ್‌ಗೆ ಹಾರಿತು. ಕಾಗದದ ಮೇಲೆ ಡೆಕ್ಕನ್ ಹೋಗಿ ಕಿಂಗ್‌ಫಿಷರ್‌ಗೆ ಸೇರಲಿಲ್ಲ, ಕಿಂಗ್‌ಫಿಷರೇ ಬಂದು ಡೆಕ್ಕನ್ ಏವಿಯೇಷನ್ ಒಳಗೆ ಸೇರಿ, ಆಮೇಲೆ ಆ ಕಂಪನಿಯ ಹೆಸರು ಬದಲಾಯಿತು. ಹಳ್ಳಿ ಅಜ್ಜನ ಕಂಪನಿಯ ಲೈಸೆನ್ಸಿನ ಮೇಲೆ ಲಂಡನ್ ಪ್ರಯಾಣ!

ಕಿಂಗ್‌ಫಿಷರ್ ರೆಡ್ಡನ್ನು ನಿಲ್ಲಿಸುವುದಾಗಿ 2011ರ ಸೆಪ್ಟೆಂಬರ್‌ನಲ್ಲಿ ಹೇಳಿದರು. 2012ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್ ಲೈಸೆನ್ಸೇ ಅಮಾನತಾಯಿತು. ಕೆಲಸದವರ ಸಂಬಳ ತಿಂಗಳುಗಟ್ಟಲೆ ಬಾಕಿ ಇತ್ತು. ಕಿಂಗ್‌ಫಿಷರ್ ನೆನಪು ಮಾಡಿಕೊಳ್ಳುವಾಗ ಊಟ, ಟೀವಿ ಅಂತ ಹೊಗಳುವವರು ಇದನ್ನೂ ಸ್ವಲ್ಪ ನೆನಪಿಟ್ಟುಕೊಂಡರೆ ಒಳ್ಳೇದು.

ಏರ್ ಡೆಕ್ಕನ್ ಮತ್ತೆ ಶುರುವಾಗಿತ್ತು ಅಂತ ಕೇಳಿದ್ದೆ, ಸುಳ್ಳಾ?

ನಿಜವೇ. ಚಿಕ್ಕ ಊರುಗಳಿಗೆ ವಿಮಾನ ಓಡಿಸುವ ಕೇಂದ್ರದ ಉಡಾನ್ ಯೋಜನೆಯಲ್ಲಿ 2017ರ ಡಿಸೆಂಬರ್‌ನಲ್ಲಿ ಅದೇ ಹೆಸರಲ್ಲಿ ಶುರುವಾಯಿತು. ಚಿಕ್ಕ ಬೀಚ್‌ಕ್ರಾಫ್ಟ್ ವಿಮಾನಗಳು, ಮುಂಬೈ, ಜಳಗಾಂವ್, ನಾಸಿಕ್ ಕಡೆ. 2020ರ ಏಪ್ರಿಲ್‌ನಲ್ಲಿ ಕೊರೊನಾ ಹೊತ್ತಿಗೆ ನಿಂತಿತು.

ಸೂರ್ಯ ಮಾಡಿದ ತಮಿಳು ಸಿನಿಮಾ ಇದೇ ಕಥೆನಾ?

2020ರ 'ಸೂರರೈ ಪೋಟ್ರು'. ಗೋಪಿನಾಥ್ ಅವರ ಆತ್ಮಕಥೆಯಿಂದ ಹುಟ್ಟಿದ್ದು ಹೌದು, ಆದರೆ ಸಿನಿಮಾಗೆ ಬೇಕಾದಷ್ಟು ಬದಲಾಯಿಸಿದ್ದಾರೆ. ಹಾಸನದವರು ಮಧುರೆಯವರಾಗಿದ್ದಾರೆ. ಸಿನಿಮಾ ನೋಡಿ ಇತಿಹಾಸ ಹೇಳಬೇಡಿ ಅಷ್ಟೇ.

## ಕೂಡಿಟ್ಟುಕೊಳ್ಳುವವರಿಗೆ

ನಮ್ಮ ತಾತನ ಬೋರ್ಡಿಂಗ್ ಪಾಸ್ ಇದೆ, ಅಕ್ಷರ ಮಾಸಿಹೋಗ್ತಿದೆ. ಲ್ಯಾಮಿನೇಷನ್ ಮಾಡಿಸ್ಲಾ?

ದಯವಿಟ್ಟು ಬೇಡ. ಮೊದಲು ಅದು ಯಾವ ಕಾಗದ ಅಂತ ನೋಡಿ. ನುಣುಪಾಗಿದ್ದು, ಮೂಲೆಯಲ್ಲಿ ಉಗುರಿನಿಂದ ಜೋರಾಗಿ ಗೀರಿದರೆ ಕಪ್ಪು ಗೆರೆ ಬಿದ್ದರೆ ಅದು ಬಿಸಿ ತಾಗಿಸಿ ಅಕ್ಷರ ಮೂಡಿಸುವ ಥರ್ಮಲ್ ಕಾಗದ. ಇಂಕಿಲ್ಲ. ಲ್ಯಾಮಿನೇಷನ್ ಮೆಷಿನ್ನಿನ ಬಿಸಿಗೆ ಇಡೀ ಪಾಸ್ ಕಪ್ಪಾಗಿಬಿಡುತ್ತದೆ.

ಇವತ್ತೇ ಸ್ಕ್ಯಾನ್ ಮಾಡಿಸಿ, ಬಣ್ಣದಲ್ಲಿ, ಎರಡೂ ಕಡೆ. ಆಮೇಲೆ ಬಿಳಿ ಹಾಳೆಯ ನಡುವೆ ಇಟ್ಟು ಕತ್ತಲಲ್ಲಿ, ತಣ್ಣಗಿರುವ ಕಡೆ ಇಡಿ. ದೇವರ ಮನೆ, ಟೀವಿ ಮೇಲೆ, ಕಾರಿನ ಡ್ಯಾಶ್‌ಬೋರ್ಡ್ ಬೇಡ. ಫೋಟೋ ಆಲ್ಬಮ್ಮಿನ ಮೆತ್ತನೆ ಪ್ಲಾಸ್ಟಿಕ್ ಜೇಬೂ ಬೇಡ, ಅದು ಅಕ್ಷರವನ್ನು ತಿನ್ನುತ್ತದೆ. ಸೆಲೋಟೇಪ್ ಅಂತೂ ಬೇಡವೇ ಬೇಡ.

ಹಳೇ ಜಾಹೀರಾತು ಮನೇಲಿರೋ ವಿಡಿಯೋ ಕ್ಯಾಸೆಟ್ಟಲ್ಲಿ ಸಿಗಬಹುದಾ?

ಸಿಗಬಹುದು. ಜನ ಕ್ರಿಕೆಟ್ ಮ್ಯಾಚು, ಸೀರಿಯಲ್ಲು, ಟೀವಿಯಲ್ಲಿ ಬಂದ ಸಿನಿಮಾ ರೆಕಾರ್ಡ್ ಮಾಡಿಕೊಳ್ಳುತ್ತಿದ್ದರು, ನಡುವೆ ಜಾಹೀರಾತು ಹಾಗೇ ಉಳಿದಿರುತ್ತದೆ. ಕ್ಯಾಸೆಟ್ಟಿನ ಕಿಟಕಿಯಲ್ಲಿ ನೋಡಿ. ಟೇಪಿನ ಅಂಚಲ್ಲಿ ಬೂದಿ ಥರ ಬಿಳಿ ಕಂಡರೆ ಬೂಷ್ಟು, ಪ್ಲೇಯರಿಗೆ ಹಾಕಬೇಡಿ, ಪ್ಲೇಯರ್ ಹೆಡ್ಡೂ ಹಾಳು, ಮುಂದಿನ ಕ್ಯಾಸೆಟ್ಟೂ ಹಾಳು. ಸ್ವಚ್ಛವಾಗಿದ್ದರೆ ಒಂದು ಸಲ ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಸುತ್ತಿ, ಆಮೇಲೆ ಓಡಿಸಿ. ಮೊದಲ ಸಲ ಓಡಿಸುವಾಗಲೇ ಕಂಪ್ಯೂಟರ್‌ಗೆ ಇಳಿಸಿಕೊಳ್ಳಿ, ಎರಡನೇ ಸಲ ಓಡುತ್ತದೆ ಅಂತ ಗ್ಯಾರಂಟಿ ಇಲ್ಲ. ಮೇಲೆ 'ಮದುವೆ' ಅಂತ ಬರೆದಿರುವ ಕ್ಯಾಸೆಟ್ಟುಗಳನ್ನೂ ಬಿಡಬೇಡಿ. ಮದುವೆ ಮುಗಿದ ಮೇಲೆ ಟೇಪ್ ಉಳಿದಿರುತ್ತಿತ್ತು, ಅದರ ಮೇಲೆ ಮನೆಯ ಹುಡುಗರು ಟೀವಿ ರೆಕಾರ್ಡ್ ಮಾಡುತ್ತಿದ್ದರು. ಕೊನೆಯವರೆಗೂ ಓಡಿಸಿ ನೋಡಿ.